ಎದೆ ವಾರ್ಡಿನ ಯಜಮಾನರು

ಆಪರೇಷನ್ ಆದ ರೋಗಿ ಎಷ್ಟನೇ ದಿನ ಮನೆಗೆ ಹೋಗುತ್ತಾನೆ ಅಂತ ಕರಾರುವಾಕ್ಕಾಗಿ ಹೇಳಬಲ್ಲ ಒಬ್ಬರೇ ಒಬ್ಬರನ್ನು ನಾನು ನನ್ನ ಜೀವಮಾನದಲ್ಲಿ ಕಂಡಿದ್ದೇನೆ. ಅವರು ಡಾಕ್ಟರಲ್ಲ. ಕಾಂಪೌಂಡರೂ ಅಲ್ಲ. ಜ್ಯೋತಿಷಿಯಂತೂ ಅಲ್ಲವೇ ಅಲ್ಲ. ಹಾಗಂದರೆ ಎದ್ದು ಬಂದು ಜಗಳಕ್ಕೆ ನಿಲ್ಲುತ್ತಿದ್ದರು. ಚಾಮರಾಜಪೇಟೆಯ ಒಂದು ಆಸ್ಪತ್ರೆಯ ಎದೆ ವಾರ್ಡಿನಲ್ಲಿ ಗುಮಾಸ್ತರಾಗಿದ್ದರು, ಅಷ್ಟೆ.

ಹೋದ ತಿಂಗಳು ಅವರ ಶಿವಗಣಾರಾಧನೆಯ ಕಾಗದ ಬಂತು. ನನ್ನ ಹಳೇ ವಿಳಾಸಕ್ಕೆ ಹೋಗಿ, ಅಲ್ಲಿಂದ ಯಾರೋ ಪುಣ್ಯಾತ್ಮರು ತಿದ್ದಿ ಕಳಿಸಿ, ಕಾರ್ಯವೆಲ್ಲ ಮುಗಿದು ನಾಲ್ಕು ದಿನವಾದ ಮೇಲೆ ನನ್ನ ಕೈ ಸೇರಿತು. ಕಾಗದ ಹಿಡಿದುಕೊಂಡು ಕೂತಿದ್ದೆ. ನನ್ನ ಹೆಂಡತಿ ಬಂದು "ಯಾರು ಹೋಗಿದ್ದು?" ಅಂದಳು. "ನನ್ನ ಮೇಷ್ಟ್ರು" ಅಂದೆ. "ನಿಮಗೆ ಪಾಠ ಹೇಳಿದ್ದು ಯಾವ ಕಾಲೇಜಿನಲ್ಲಿ?" ಅಂದಳು. ಇದನ್ನು ಬರೆಯೋಣ ಅನ್ನಿಸಿದ್ದು ಆಗ.

ಹೆಸರು ಬರೆಯೋದಿಲ್ಲ. ಹೆಸರಿನಿಂದ ಅವರನ್ನು ಯಾರೂ ಕರೆದದ್ದೂ ಇಲ್ಲ. ಆಯಾಗಳಿಂದ ಹಿಡಿದು ದೊಡ್ಡ ಡಾಕ್ಟರವರೆಗೆ ಎಲ್ಲರಿಗೂ ಅವರು "ಯಜಮಾನರು." ಸಂಬಳದ ಪಟ್ಟಿಯಲ್ಲಿ ಅವರ ಕೆಳಗೆ ಇದ್ದವರು ಆಯಾಗಳು, ತೋಟದ ಮಾಲಿ, ಅಷ್ಟೆ. ಆದರೂ ಅವರು ವರಾಂಡದಲ್ಲಿ ನಡೆದು ಬರುತ್ತಿದ್ದರೆ ಆಸ್ಪತ್ರೆ ಅವರದ್ದೇ, ನಾವೆಲ್ಲ ಬಾಡಿಗೆಗೆ ಇದ್ದೇವೆ ಅನ್ನಿಸುತ್ತಿತ್ತು. ಬಿಳೀ ಪೇಟ, ಕತ್ತು ಮುಚ್ಚುವ ಕೋಟು, ಹಣೆ ತುಂಬ ವಿಭೂತಿ, ಹೆಗಲ ಮೇಲೆ ಮಡಿಕೆ ಕೆಡದ ಶಲ್ಯ. ಮಳೆಗಾಲವೋ ಬೇಸಗೆಯೋ, ಕಂಕುಳಲ್ಲಿ ಒಂದು ಕೊಡೆ. ಅದನ್ನು ಬಿಚ್ಚಿದ್ದನ್ನು ಮಾತ್ರ ನಾನು ಕಾಣೆ.

ಅವರದ್ದು ಪೇಟೆಯಲ್ಲಿ ಮೂರು ತಲೆಮಾರಿನಿಂದ ಬಟ್ಟೆ ಅಂಗಡಿ ನಡೆಸಿದ ಮನೆತನ. ಅಣ್ಣಂದಿರಿಬ್ಬರು ಅಂಗಡಿ ನೋಡಿಕೊಂಡರು, ಇವರು ಆಸ್ಪತ್ರೆಗೆ ಬಂದರು. ಯಾಕೆ ಅಂತ ಒಮ್ಮೆ ಕೇಳಿದ್ದೆ. "ಎರಡೂ ಒಂದೇ ಡಾಕ್ಟ್ರೇ. ಅಂಗಡೀಲಿ ಬಂದೋರು ಹೋಗದ ಹಾಗೆ ನೋಡ್ಕೋಬೇಕು. ಇಲ್ಲಿ ಬಂದೋರು ಹೋಗೋ ಹಾಗೆ ನೋಡ್ಕೋಬೇಕು. ಇಷ್ಟೇ ವ್ಯತ್ಯಾಸ" ಅಂದರು. ಮುಖದಲ್ಲಿ ನಗುವಿನ ಸುಳಿವೇ ಇಲ್ಲ. ಅಂಗಡಿಯ ಅಭ್ಯಾಸ ಮಾತ್ರ ಕೊನೆಯವರೆಗೂ ಬಿಡಲಿಲ್ಲ. ಯಾರ ಜೊತೆ ಮಾತಾಡುತ್ತಿದ್ದರೂ ಅವರ ತೋಳಿನ ಬಟ್ಟೆಯನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಹಿಡಿದು ಮೆಲ್ಲಗೆ ಉಜ್ಜಿ ನೋಡುತ್ತಿದ್ದರು. ನನ್ನ ಹೊಸ ಬಿಳೀ ಕೋಟನ್ನು ಮೊದಲ ದಿನವೇ ಹೀಗೆ ಉಜ್ಜಿ "ಮೂರು ಒಗೆತ" ಅಂದಿದ್ದರು. ನಾಲ್ಕನೇ ಒಗೆತಕ್ಕೆ ಮೊಳಕೈ ಹತ್ತಿರ ಹರಿಯಿತು.

ಐವತ್ತರ ದಶಕದ ಕೊನೆಯ ವರ್ಷಗಳು ಅವು. ಹೃದಯಕ್ಕೆ ಕತ್ತಿ ಹಾಕುವುದು ಅಂದರೆ ಜನ ಬಾಯಿ ಮೇಲೆ ಕೈ ಇಟ್ಟುಕೊಳ್ಳುತ್ತಿದ್ದ ಕಾಲ. ನಮ್ಮ ದೊಡ್ಡ ಡಾಕ್ಟರು ವಿಲಾಯತಿಯಲ್ಲಿ ಕಲಿತು ಬಂದಿದ್ದ ಆಪರೇಷನ್ ಒಂದೇ ಒಂದು. ಚಿಕ್ಕಂದಿನಲ್ಲಿ ಕೀಲುಜ್ವರ ಬಂದು ಹೋದ ಕೆಲವರಿಗೆ ಹೃದಯದೊಳಗಿನ ಒಂದು ಬಾಗಿಲು ಅಂಟಿಕೊಂಡು ಕಿರಿದಾಗಿಬಿಡುತ್ತದೆ. ನಾಲ್ಕು ಹೆಜ್ಜೆ ನಡೆದರೆ ಏದುಸಿರು, ಮಲಗಿದರೆ ಕೆಮ್ಮು. ದೊಡ್ಡ ಡಾಕ್ಟರು ಎಡಪಕ್ಕೆ ಕೊಯ್ದು, ಹೃದಯ ಬಡಿಯುತ್ತಿರುವ ಹಾಗೇ ಒಳಗೆ ಒಂದು ಬೆರಳು ತೂರಿಸಿ, ಆ ಬಾಗಿಲನ್ನು ಬಿಡಿಸುತ್ತಿದ್ದರು. ಅಬ್ಬಬ್ಬಾ! ಮೊದಲ ಸಲ ಪಕ್ಕದಲ್ಲಿ ನಿಂತು ನೋಡಿದಾಗ ನನ್ನ ಹೃದಯ ನಿಂತು ಆ ರೋಗಿಯದ್ದೇ ನೆಟ್ಟಗೆ ಬಡಿಯುತ್ತಿತ್ತು.

ಎದೆ ವಾರ್ಡಿನಲ್ಲಿ ಇದ್ದದ್ದು ನಾಲ್ಕೇ ಮಂಚ. ಕಾಯುತ್ತಿದ್ದವರು ಊರ ತುಂಬ. ಒಂದು ಮಂಚ ಖಾಲಿಯಾಗುವ ಹೊತ್ತಿಗೆ ಸರಿಯಾಗಿ ಮುಂದಿನವರು ಬಂದು ನಿಲ್ಲಬೇಕು. ಅವರಿಗೆ ವಾರ ಮೊದಲೇ ಕಾರ್ಡು ಹೋಗಬೇಕು. ಕಾರ್ಡು ಬರೆಯುವವರು ಯಜಮಾನರು. "ಶ್ರೀ. ಕ್ಷೇಮ. ಬರುವ ಗುರುವಾರ ಬೆಳಿಗ್ಗೆ ಹಾಸಿಗೆ ಸಮೇತ ಬರುವುದು. ಮಂಚ ಖಾಲಿ ಇರುತ್ತದೆ." ಗುರುವಾರ ಮಂಚ ಖಾಲಿ ಇರುತ್ತಿತ್ತು. ಒಂದು ದಿನ ಹಿಂದೆ ಇಲ್ಲ, ಒಂದು ದಿನ ಮುಂದೆ ಇಲ್ಲ. ದೊಡ್ಡ ಡಾಕ್ಟರೇ ರೌಂಡ್ಸ್ ಮುಗಿಸಿ ಅವರ ಮೇಜಿನ ಹತ್ತಿರ ನಿಂತು "ಎಷ್ಟು ದಿನ, ಯಜಮಾನರೇ?" ಅಂತ ಕೇಳುತ್ತಿದ್ದರು.

ನನಗೆ ಮೈ ಉರಿಯುತ್ತಿತ್ತು. ಆಗಷ್ಟೇ ಪಾಸು ಮಾಡಿ ಹೌಸ್ ಸರ್ಜನ್ ಆಗಿದ್ದೆ. ಸ್ಟೆತಾಸ್ಕೋಪನ್ನು ಗಾಂಧೀಬಜಾರಿನಲ್ಲಿ ದೋಸೆ ತಿನ್ನುವಾಗಲೂ ಕೊರಳಿಂದ ತೆಗೆಯದ ವಯಸ್ಸು. ಗುಮಾಸ್ತರು ಹೇಳುವುದು, ಡಾಕ್ಟರು ಕೇಳುವುದು ಅಂದರೇನು? ನಾನೊಂದು ಸೂತ್ರ ಕಟ್ಟಿದೆ. ರೋಗಿಯ ವಯಸ್ಸು, ನಾಲ್ಕನೇ ದಿನದ ಜ್ವರ, ನಾಡಿ, ಉಸಿರು, ಗಾಯದ ಸ್ಥಿತಿ, ಎಲ್ಲಕ್ಕೂ ಒಂದೊಂದು ಅಂಕ ಕೊಟ್ಟು, ಕೂಡಿ ಕಳೆದು, ಚೌಕಳಿ ಕಾಗದದ ಮೇಲೆ ಗೆರೆ ಎಳೆದರೆ ಮನೆಗೆ ಹೋಗುವ ದಿನ ಬರಬೇಕು. ಬಸವನಗುಡಿಯ ನಮ್ಮ ಮನೆಯ ಊಟದ ಮೇಜಿನ ಮೇಲೆ ಆ ಕಾಗದ ಹರಡಿಕೊಂಡು ಕೂತರೆ ನಮ್ಮಮ್ಮ "ಇವನಿಗೆ ಹೆಣ್ಣು ಹುಡುಕೋದು ಯಾವಾಗ, ಇವನು ಈ ಗೆರೆಗಳಿಂದ ಏಳೋದು ಯಾವಾಗ" ಅಂತ ಗೊಣಗುತ್ತಿದ್ದಳು.

ಯಜಮಾನರ ವಿಧಾನವೋ, ದೇವರಿಗೇ ಪ್ರೀತಿ! ಹೊಸ ರೋಗಿ ಬಂದ ಕೂಡಲೇ ಮಂಚದ ಪಕ್ಕ ಸ್ಟೂಲು ಎಳೆದುಕೊಂಡು ಕೂರುವರು. ಎದೆನೋವು ಹೇಗಿದೆ ಅಂತ ಕೇಳರು. "ನಿಮ್ಮನೇಲಿ ಬಚ್ಚಲು ಎಲ್ಲಿದೆ? ಒಳಗೋ ಹೊರಗೋ?" ಅದಾದ ಮೇಲೆ "ಮೆಟ್ಟಿಲು ಎಷ್ಟು? ಅಡಿಗೆ ಯಾರು ಮಾಡ್ತಾರೆ? ಮನೇಲಿ ಯಾರ ಮಾತು ನಡೆಯುತ್ತೆ?" ಪಾಪ, ರೋಗಿ ಮುಖ ಮುಖ ನೋಡುವನು. ಎದೆ ಕೊಯ್ಯುವ ಆಸ್ಪತ್ರೆಯಲ್ಲಿ ಬಚ್ಚಲಿನ ಸಮಾಚಾರ! ಸಾಲದ್ದಕ್ಕೆ ಸಂಜೆ ಮನೆಗೆ ಹೋಗುವ ದಾರಿಯಲ್ಲಿ ಶೇಷಾದ್ರಿಪುರವೋ ಮಲ್ಲೇಶ್ವರವೋ, ಸುತ್ತು ಹಾಕಿಕೊಂಡಾದರೂ ರೋಗಿಯ ಮನೆ ಮುಂದೆ ಹೋಗಿ ಕೂಗುವರು. "ನಾಳೆ ಎಳನೀರು ತರಬೇಡಿ ಅಂತ ಡಾಕ್ಟ್ರು ಹೇಳಿದಾರೆ." ಯಾವ ಡಾಕ್ಟ್ರೂ ಹೇಳಿರುತ್ತಿರಲಿಲ್ಲ. ಅದು ಒಳಗೆ ಹೋಗಿ ಒಂದು ಲೋಟ ಮಜ್ಜಿಗೆ ಕುಡಿದು ಮನೆ ನೋಡಿ ಬರೋದಕ್ಕೆ ನೆಪ.

ಬಸವನಗುಡಿಯ ಒಬ್ಬ ರಿಟೈರ್ಡ್ ಅಮಲ್ದಾರರು ಬಂದರು. ನನ್ನ ಗೆರೆ ಹದಿನೆಂಟು ಅಂದಿತು. ಯಜಮಾನರು ಹನ್ನೊಂದು ಅಂದರು. ಹನ್ನೊಂದನೇ ದಿನ ಬೆಳಿಗ್ಗೆ ಅಮಲ್ದಾರರು ಕೂಗಾಡಿ ಗಲಾಟೆ ಮಾಡಿ, ತಮ್ಮ ಜವಾಬ್ದಾರಿ ಅಂತ ಬರೆದುಕೊಟ್ಟು, ಮನೆಗೆ ಹೊರಟುಹೋದರು. "ಹೇಗೆ ಗೊತ್ತಾಯ್ತು ನಿಮಗೆ?" ಅಂದೆ. "ಆ ಮನುಷ್ಯರು ಬಂದಾಗ ಇಲ್ಲಿ ಯಾರೂ ಎದ್ದು ನಿಲ್ಲೋದಿಲ್ಲ. ಎಷ್ಟು ದಿನ ತಡೀತಾರೆ ಹೇಳಿ?" ಅಂದರು.

ಇನ್ನೊಬ್ಬರು ಪೇಟೆಯ ಮಂಡಿ ವ್ಯಾಪಾರಿ. ಗಾಯ ಹೂವಿನ ಹಾಗೆ ಕೂಡಿಕೊಂಡಿತ್ತು, ಜ್ವರ ಇಲ್ಲ. ನನ್ನ ಗೆರೆ ಹದಿನಾಲ್ಕು. ಯಜಮಾನರು ಇಪ್ಪತ್ತೊಂದು. ಆ ಪುಣ್ಯಾತ್ಮ ಇಪ್ಪತ್ತೊಂದು ದಿನವೂ "ಇಲ್ಲೊಂಚೂರು ಹಿಡಿದ ಹಾಗಿದೆ, ಅಲ್ಲೊಂಚೂರು ಎಳೆದ ಹಾಗಿದೆ" ಅಂತ ಮಲಗೇ ಇದ್ದರು. ಅವರಿಗೆ ಮೂರು ಜನ ಸೊಸೆಯಂದಿರು, ಮೂವರದ್ದೂ ಬೇರೆ ಬೇರೆ ಮನೆ, ಮಾವನವರು ಗುಣವಾಗಿ ಯಾರ ಮನೆಗೆ ಬರುತ್ತಾರೆ ಅಂತ ಪೈಪೋಟಿ. ಮಧ್ಯಾಹ್ನ ಮೂರು ಕ್ಯಾರಿಯರ್ ಬರುತ್ತಿತ್ತು. ಒಂದರಲ್ಲಿ ಒಬ್ಬಟ್ಟು, ಒಂದರಲ್ಲಿ ಕಡುಬು, ಇನ್ನೊಂದರ ಮುಚ್ಚಳ ತೆಗೆಯುವ ಮೊದಲೇ ತುಪ್ಪದ ವಾಸನೆ ವಾರ್ಡಿಗೆಲ್ಲ. "ಇದನ್ನು ಬಿಟ್ಟು ಯಾರು ಹೋಗ್ತಾರೆ ಡಾಕ್ಟ್ರೇ? ನಾನಾಗಿದ್ರೆ ತಿಂಗಳು ಇರ್ತಿದ್ದೆ" ಅಂದರು ಯಜಮಾನರು. ನಿಜ ಹೇಳಬೇಕೆಂದರೆ ಆ ಒಬ್ಬಟ್ಟಿನಲ್ಲಿ ನನಗೂ ಪಾಲು ಬರುತ್ತಿತ್ತು. ಹಾಗಾಗಿ ಆ ಸೋಲನ್ನು ನಾನು ಅಷ್ಟಾಗಿ ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ.

ನನಗೆ ಅರ್ಥವಾಗದೆ ಉಳಿದದ್ದು ಅವರ ಪಂಚಾಂಗ. ಅವರ ಮೇಜಿನ ಮೇಲೆ ಸದಾ ಒಂದು ಪಂಚಾಂಗ ಇರುತ್ತಿತ್ತು. ಕೆಲವು ರೋಗಿಗಳ ಮನೆಯವರು ಕರೆದುಕೊಂಡು ಹೋಗಲು ಬಂದಾಗ ಅದನ್ನು ತೆಗೆದು, ಕನ್ನಡಕ ಏರಿಸಿ, "ಛೆ ಛೆ, ಇವತ್ತು ಅಷ್ಟಮಿ, ನಾಳೆ ನವಮಿ, ಆಸ್ಪತ್ರೆಯಿಂದ ಮನೆಗೆ ಹೋಗೋರು ಇಂಥ ದಿನ ಹೋಗಬಾರದು" ಅನ್ನುತ್ತಿದ್ದರು. ಮನೆಯವರು ಹೆದರಿ ವಾಪಸು ಹೋಗುತ್ತಿದ್ದರು. ಅದೇ ಮನುಷ್ಯ ಸ್ವಂತ ಮಗಳ ಮದುವೆಯನ್ನು ಕೊಟ್ಟಕೊನೆಗೆ ಛತ್ರ ಸಿಕ್ಕಿತೆಂದು ನಡುರಾಹುಕಾಲದಲ್ಲಿ ಮಾಡಿದವರು! ನಮ್ಮಮ್ಮ ಆ ಮದುವೆಗೆ ಬಂದು ಅಕ್ಷತೆ ಹಿಡಿದುಕೊಂಡು ನಡುಗುತ್ತಾ ನಿಂತಿದ್ದಳು. "ನಮ್ಮಲ್ಲಿ ಎಲ್ಲಾ ದಿನಾನೂ ಶಿವನದೇ ತಾಯಿ, ನೀವು ಧೈರ್ಯವಾಗಿ ಹಾಕಿ" ಅಂತ ಇವರೇ ಬಂದು ಹೇಳಿದರು. ಮನೆಯಲ್ಲಿ ಒಂದು, ಆಸ್ಪತ್ರೆಯಲ್ಲಿ ಒಂದು; ಎಂಥಾ ಡೋಂಗಿ ಮನುಷ್ಯ ಅಂದುಕೊಂಡೆ.

ಆಗ ಬಂದವಳು ಜಯಮ್ಮ. ಓಕಳಿಪುರದವಳು, ಇಪ್ಪತ್ತೆರಡು ವಯಸ್ಸು, ಗಂಡ ರೈಲ್ವೆಯಲ್ಲಿ ಫಿಟ್ಟರ್. ಬಂದ ದಿನ ತುಟಿ ನೀಲಿ, ಒಂದು ಮಾತಿಗೆ ಮೂರು ಉಸಿರು. ದೊಡ್ಡ ಡಾಕ್ಟರು ಆಪರೇಷನ್ ಮಾಡಿದರು. ನಾಲ್ಕನೇ ದಿನಕ್ಕೆ ಎದ್ದು ಕೂತಳು, ಆರನೇ ದಿನಕ್ಕೆ ವಾರ್ಡಿಗೆಲ್ಲ ಕೇಳುವ ಹಾಗೆ ಹರಟೆ ಶುರು. ಆಯಾ ಲೋಟದಲ್ಲಿ ನೀರು ತಂದುಕೊಟ್ಟಾಗಲೆಲ್ಲ "ನೋಡಕ್ಕಾ, ಇಲ್ಲಿ ಮಲಗಿದ ಕಡೆಗೇ ನೀರು ಬರುತ್ತೆ!" ಅಂತ ನಗುತ್ತಿದ್ದಳು. ನಾನೂ ನಕ್ಕಿದ್ದೆ. ನಮ್ಮ ಮನೆಯಲ್ಲಿ ಅಡಿಗೆಮನೆಯೊಳಗೇ ನಲ್ಲಿ ಇತ್ತು ನೋಡಿ, ಅವಳ ಮಾತು ಬರೀ ತಮಾಷೆ ಅಂತಲೇ ನನ್ನ ತಿಳುವಳಿಕೆ.

ನನ್ನ ಗೆರೆ ಹದಿನಾಲ್ಕು ಅಂದಿತು. ಅಷ್ಟು ಚೆಂದದ ಗೆರೆ ನನಗೆ ಇನ್ಯಾವ ರೋಗಿಯಲ್ಲೂ ಸಿಕ್ಕಿರಲಿಲ್ಲ. ಯಜಮಾನರು ಇಪ್ಪತ್ತೆಂಟು ಅಂದರು.

"ಇಪ್ಪತ್ತೆಂಟಾ? ಅವಳು ನಿಮಗಿಂತ ನನಗಿಂತ ಗಟ್ಟಿಯಾಗಿದಾಳೆ!"

"ಇರಬಹುದು. ಆದರೂ ಇಪ್ಪತ್ತೆಂಟು."

ಇದೇ ಸಮಯ ಅಂದುಕೊಂಡೆ. ದೊಡ್ಡ ಡಾಕ್ಟರು ಯಾವುದೋ ಸಭೆಗೆ ಮದರಾಸಿಗೆ ಹೋಗಿದ್ದರು, ವಾರ್ಡು ನನ್ನ ಕೈಯಲ್ಲಿತ್ತು. ಸರದಿಯಲ್ಲಿ ಮುಂದೆ ಇದ್ದವರು ಎನ್.ಆರ್. ಕಾಲೋನಿಯ ಒಬ್ಬ ಸ್ಕೂಲ್ ಮೇಷ್ಟ್ರು. ಪಾಠ ಹೇಳುತ್ತಾ ಹೇಳುತ್ತಾ ಏದುಸಿರು ಬಂದು ರಜೆ ಹಾಕಿ ಕೂತಿದ್ದವರು. ಯಜಮಾನರಿಗೆ ಹೇಳದೆ ಆ ಮೇಷ್ಟ್ರಿಗೆ ನಾನೇ ಕಾರ್ಡು ಬರೆದೆ. ಸೋಮವಾರ ಬನ್ನಿ, ಮಂಚ ಖಾಲಿ ಇರುತ್ತದೆ. ಸೋಮವಾರ ಜಯಮ್ಮನಿಗೆ ಹದಿನಾಲ್ಕನೇ ದಿನ.

ಸೋಮವಾರ ಬೆಳಿಗ್ಗೆ ಮೇಷ್ಟ್ರು ಹೆಂಡತಿಯ ಜೊತೆ ಹಾಸಿಗೆ ಸುತ್ತಿಕೊಂಡು ಬಂದು ವರಾಂಡದ ಬೆಂಚಿನ ಮೇಲೆ ಕೂತರು. ಜಯಮ್ಮನ ಗಂಡ, ಅತ್ತೆ ಇಬ್ಬರನ್ನೂ ನಾನೇ ಬರಹೇಳಿದ್ದೆ. ಅವರು ನನ್ನ ಹತ್ತಿರ ಬರುವ ಮೊದಲೇ ಯಜಮಾನರು ತಡೆದು ಪಂಚಾಂಗ ಬಿಚ್ಚಿದ್ದರು. ಅಷ್ಟಮಿಯಂತೆ, ನಾಳೆ ನವಮಿಯಂತೆ, ಅದೂ ಮಂಗಳವಾರವಂತೆ. ಅತ್ತೆ ಕೆನ್ನೆ ಕೆನ್ನೆ ಬಡಿದುಕೊಳ್ಳುತ್ತಿದ್ದರು. ನಾನು ರೇಗಿಬಿಟ್ಟೆ.

"ಅಷ್ಟಮಿನೂ ಇಲ್ಲ ನವಮಿನೂ ಇಲ್ಲಮ್ಮ. ನಿಮ್ಮ ಸೊಸೆಗೆ ಏನೂ ತೊಂದರೆ ಇಲ್ಲ. ಇಲ್ಲಿ ನೋಡಿ, ಬರೆದು ಕೊಡ್ತೀನಿ" ಅಂತ ಚೀಟಿಯ ಮೇಲೆ ದೊಡ್ಡ ಅಕ್ಷರದಲ್ಲಿ "ಪೂರ್ತಿ ಗುಣವಾಗಿದೆ" ಅಂತ ಬರೆದು ಸಹಿ ಮಾಡಿ ಗಂಡನ ಕೈಗೆ ಕೊಟ್ಟೆ. ಅವನು ಓದಿ ಹೇಳಿದ. ಅತ್ತೆಯ ಕಣ್ಣಲ್ಲಿ ನೀರು ಬಂತು. "ಡಾಕ್ಟ್ರೇ ಬರೆದು ಕೊಟ್ಟ ಮೇಲೆ ಇನ್ನೇನು ಬಿಡಿ" ಅಂದು ಸೊಸೆಯ ತಲೆಗೆ ಹೂ ಮುಡಿಸಿದರು. ಜಯಮ್ಮ ಜಟಕಾ ಹತ್ತಿ ಕೂತಳು.

ಗಾಡಿ ತಿರುಗಿದ ಮೇಲೆ ಯಜಮಾನರು ನನ್ನ ಪಕ್ಕಕ್ಕೆ ಬಂದರು. "ಡಾಕ್ಟ್ರೇ, ಆ ಹುಡುಗಿ ಮನೆ ನೋಡಿದೀರಾ?"

"ಎದೆ ನೋಡಿದೀನಿ ಯಜಮಾನರೇ. ನನಗೆ ಅಷ್ಟು ಸಾಕು" ಅಂದೆ.

ಈ ಮಾತನ್ನು ಇಲ್ಲಿ ಬರೆಯದೆ ಬಿಟ್ಟುಬಿಡಬಹುದಿತ್ತು. ನಾಚಿಕೆಯಾಗುತ್ತೆ. ಆದರೆ ಆಡಿದ್ದೇ ಹಾಗೆ, ಗಲ್ಲ ಎತ್ತಿಕೊಂಡು.

ಮನೆಗೆ ಹೋದ ಒಂಬತ್ತನೇ ದಿನ ಬೆಳಿಗ್ಗೆ ಅದೇ ಜಟಕಾದಲ್ಲಿ ಜಯಮ್ಮ ವಾಪಸು ಬಂದಳು. ಗಂಡ ಎತ್ತಿಕೊಂಡು ಇಳಿಸಿದ. ಮಲಗಲು ಆಗುತ್ತಿರಲಿಲ್ಲ, ಕೂತರೆ ಬಾಯಿ ಬಿಟ್ಟುಕೊಂಡು ಗಾಳಿಗೆ ಹೆಣಗುತ್ತಿದ್ದಳು, ಕಾಲು ಊದಿಕೊಂಡಿತ್ತು. ಎದೆಗೆ ಸ್ಟೆತಾಸ್ಕೋಪು ಇಟ್ಟರೆ ಒಳಗೆಲ್ಲ ನೀರಿನ ಸದ್ದು. ನಾಡಿ ದಿಕ್ಕುಗೆಟ್ಟು ಓಡುತ್ತಿತ್ತು. ನಾಲ್ಕೂ ಮಂಚ ಭರ್ತಿ. ಅವಳ ಮಂಚದಲ್ಲಿ ಆಪರೇಷನ್ ಆದ ಮೇಷ್ಟ್ರು ಮಲಗಿದ್ದರು. ಎಲ್ಲಿ ಮಲಗಿಸಲಿ? ಯಾರನ್ನು ಎಬ್ಬಿಸಲಿ? ನಾನು ವರಾಂಡದಲ್ಲಿ ಬೆಪ್ಪನಂತೆ ನಿಂತಿದ್ದೆ.

ಯಜಮಾನರು ಬಂದರು. ಈಗ ಅಂತಾರೆ, "ನಾನು ಹೇಳಿರಲಿಲ್ವಾ" ಅಂತಾರೆ, ಅನ್ನಲಿ, ಅನ್ನಿಸಿಕೊಳ್ಳಬೇಕಾದವನೇ ನಾನು ಅಂತ ತಲೆ ತಗ್ಗಿಸಿದೆ.

"ನನ್ನ ಮೇಜು ಆ ಕಡೆ ಹಿಡೀರಿ ಡಾಕ್ಟ್ರೇ. ಆಚೆ ಇಡೋಣ" ಅಂದರು.

ಅವರ ಕೋಣೆ ಅಂದರೆ ವಾರ್ಡಿಗೆ ಅಂಟಿಕೊಂಡ ಒಂದು ಗೂಡು. ಮೇಜು, ಬೀರು, ಕಾಗದದ ಗಂಟು ಎಲ್ಲವನ್ನೂ ನಾವಿಬ್ಬರೂ ವರಾಂಡಕ್ಕೆ ಎಳೆದೆವು. ಅಲ್ಲಿ ಒಂದು ಮಂಚ ಹಾಕಿ ಜಯಮ್ಮನನ್ನು ದಿಂಬುಗಳಿಗೆ ಒರಗಿಸಿ ಕೂರಿಸಿದೆವು. ಆಮ್ಲಜನಕದ ಸಿಲಿಂಡರು ಬಂತು, ಇಂಜೆಕ್ಷನ್ನು ಬಂತು, ಮದರಾಸಿನಿಂದ ವಾಪಸಾಗಿದ್ದ ದೊಡ್ಡ ಡಾಕ್ಟರು ಓಡಿ ಬಂದರು. ಅವರು ನನ್ನನ್ನು ಏನೂ ಕೇಳಲಿಲ್ಲ. ಕೇಳಿದ್ದರೆ ಚೆನ್ನಾಗಿತ್ತು. ಮೂರು ದಿನ ಆ ಹುಡುಗಿ ಇರ್ತಾಳೋ ಹೋಗ್ತಾಳೋ ಗೊತ್ತಿಲ್ಲದೆ ನಾನು ಆಸ್ಪತ್ರೆ ಬಿಟ್ಟು ಕದಲಲಿಲ್ಲ. ಅನ್ನ ಸೇರುತ್ತಿರಲಿಲ್ಲ. ಚೌಕಳಿ ಕಾಗದವನ್ನೆಲ್ಲ ಒಂದು ಮಧ್ಯಾಹ್ನ ಹರಿದು ಕಸಕ್ಕೆ ಹಾಕಿದೆ. ನಾಲ್ಕನೇ ದಿನ ನಾಡಿ ಹದಕ್ಕೆ ಬಂತು. ಐದನೇ ದಿನ ಜಯಮ್ಮ ಆಯಾ ತಂದ ಲೋಟ ನೋಡಿ ಒಂಚೂರು ನಕ್ಕಳು. ನಾನು ಬಾಗಿಲ ಹಿಂದೆ ಹೋಗಿ ಅತ್ತುಬಿಟ್ಟೆ. ಹೌದು, ಅತ್ತುಬಿಟ್ಟೆ, ಅದರಲ್ಲೇನಿದೆ.

ಆ ಸಂಜೆ ಯಜಮಾನರು ವರಾಂಡದ ಮೇಜಿನಿಂದಲೇ ಕರೆದರು. "ನಾಳೆ ಬೆಳಿಗ್ಗೆ ಐದೂವರೆಗೆ ಓಕಳಿಪುರದ ರೈಲ್ವೆ ಗೇಟ್ ಹತ್ರ ಬನ್ನಿ. ಆ ಕೋಟು, ಸ್ಟೆತಾಸ್ಕೋಪು ಬೇಡ."

ಹೋದೆ. ಹಳಿಗಳ ಮಗ್ಗುಲಲ್ಲಿ ಒಂದು ಬೀದಿ ನಲ್ಲಿ, ಅದರ ಮುಂದೆ ಕೊಡಗಳ ಸಾಲು, ಸಾಲಿನ ಎರಡೂ ಕಡೆ ಹೆಂಗಸರ ಜಗಳ. ಇಂಜಿನ್ನಿನ ಹೊಗೆ ಮುಖಕ್ಕೇ ಬರುತ್ತಿತ್ತು. ಯಜಮಾನರು ಒಂದು ಹಿತ್ತಾಳೆ ಕೊಡ ತುಂಬಿಸಿ ಪಕ್ಕಕ್ಕೆ ಇಟ್ಟುಕೊಂಡಿದ್ದರು.

"ಇದು ಜಯಮ್ಮನ ಮನೆ ಕೊಡ. ಅವಳಿಲ್ಲದಾಗ ಪಕ್ಕದ ಮನೆಯೋರು ತುಂಬಿಕೊಡ್ತಾರೆ, ಇವತ್ತು ನಾನು ಈಸ್ಕೊಂಡೆ. ಎತ್ತಿ."

"ನಾನಾ?"

"ನೀವೇ. ಮತ್ತೆ ನಾನು ಎತ್ತಲಾ ಈ ವಯಸ್ಸಲ್ಲಿ?"

ಎತ್ತಿದೆ. ಸೊಂಟಕ್ಕೆ ಇಟ್ಟುಕೊಳ್ಳಲು ಬರಲಿಲ್ಲ, ಹೆಗಲಿಗೆ ಏರಿಸಲು ಹೋಗಿ ಅರ್ಧ ನೀರು ಕುತ್ತಿಗೆಯೊಳಗೆ ಇಳಿಯಿತು. ಹೆಂಗಸರು ಜಗಳ ನಿಲ್ಲಿಸಿ "ಯಾರೇ ಇದು ಹೊಸ ಸೊಸೆ?" ಅಂತ ಬಿದ್ದು ಬಿದ್ದು ನಕ್ಕರು. ಹಳಿ ದಾಟಿ, ಓಣಿ ತಿರುಗಿ, ಕೊನೆಯಲ್ಲಿ ಕಡಿದಾದ ಕಲ್ಲು ಮೆಟ್ಟಿಲು ಹತ್ತಿದರೆ ಮಹಡಿಯ ಮೇಲೆ ಎರಡು ಕೋಣೆಯ ಮನೆ. ಮೇಲೆ ಮುಟ್ಟುವ ಹೊತ್ತಿಗೆ ನನ್ನ ಎದೆ ಡವಗುಟ್ಟುತ್ತಿತ್ತು. ಇಪ್ಪತ್ತೈದು ವರ್ಷದ, ಯಾರೂ ಬೆರಳಿಟ್ಟು ನೋಡದ, ಗಟ್ಟಿ ಎದೆ. "ದಿನಕ್ಕೆ ಎಂಟು ಕೊಡ. ಮನೇಲಿ ಏಳು ಜನ" ಅಂದರು ಹಿಂದಿನಿಂದ ಯಜಮಾನರು.

ಅತ್ತೆ ಬಾಗಿಲಿಗೆ ಬಂದರು. ಮಂಡಿ ಹಿಡಿದುಕೊಂಡು, ಗೋಡೆ ಹಿಡಿದುಕೊಂಡು ಬಂದರು. ಅವರ ಮಂಡಿ ನೋಡಿದರೇ ಗೊತ್ತಾಗುತ್ತಿತ್ತು, ಆ ಮೆಟ್ಟಿಲು ಇಳಿದು ವರ್ಷವಾಗಿರಬೇಕು. ಆಸ್ಪತ್ರೆಗೆ ಮಗ ಎತ್ತಿಕೊಂಡೇ ಇಳಿಸುತ್ತಿದ್ದನಂತೆ. ನಾನು ಬರುವ ದಾರಿಯುದ್ದಕ್ಕೂ ಈ ಹೆಂಗಸಿಗೆ ಏನೇನೋ ಬಯ್ಯಬೇಕು ಅಂದುಕೊಂಡಿದ್ದೆ. "ಏನಮ್ಮ ಇದು? ಎದೆ ಕೊಯ್ದ ಹುಡುಗಿ ಕೈಲಿ ಇದನ್ನ ಹೊರಿಸಿದ್ರಾ?" ಅಂದೆ.

ಅವರು ನನ್ನನ್ನು ಗುರುತು ಹಿಡಿದರು. ಗೂಡಿನಲ್ಲಿ ದೇವರ ಪಟದ ಹಿಂದೆ ಕೈ ಹಾಕಿ ನನ್ನ ಚೀಟಿ ತೆಗೆದರು. ಅದಕ್ಕೆ ಕುಂಕುಮ ಇಟ್ಟಿದ್ದರು.

"ನಾನೇನು ರಾಕ್ಷಸೀನಾ ಡಾಕ್ಟ್ರೇ? ಪೂರ್ತಿ ಗುಣವಾಗಿದೆ ಅಂತ ನೀವೇ ಅಲ್ವಾ ಬರೆದು ಕೊಟ್ಟಿದ್ದು? ಬೀದಿಗೆಲ್ಲ ಓದಿಸಿದೆ ನಾನು. ಮೊದಲನೇ ದಿನ ಬೇಡ ಅಂದೆ. ಅವಳೇ ಎದ್ದು ‘ಡಾಕ್ಟ್ರೇ ಹೇಳಿದಾರಲ್ಲ ಅತ್ತೆ’ ಅಂತ ಕೊಡ ತಗೊಂಡು ಹೋದಳು."

ಯಜಮಾನರು ನನ್ನನ್ನು ಕಾಪಾಡಲು ಏನಾದರೂ ಹೇಳುತ್ತಾರೆ ಅಂದುಕೊಂಡೆ. ಅವರು ಪೇಟ ತೆಗೆದು ಮಂಡಿಯ ಮೇಲೆ ಇಟ್ಟುಕೊಂಡು ಹೊಸ್ತಿಲ ಮೇಲೆ ಕೂತುಬಿಟ್ಟರು. ಅವರನ್ನು ಬರಿತಲೆಯಲ್ಲಿ ನೋಡಿದ್ದು ಅದೇ ಮೊದಲು.

"ತಾಯೀ, ತಪ್ಪು ಅವರದ್ದು ಅರ್ಧ, ನಂದು ಅರ್ಧ. ನಾನು ಈ ಮನೆ ನೋಡಿದ್ದೆ. ಈ ಮೆಟ್ಟಿಲು ನೋಡಿದ್ದೆ. ಹುಡುಗಿ ಮನೆಗೆ ಬಂದರೆ ಕೊಡ ಹಿಡೀತಾಳೆ ಅಂತ ಗೊತ್ತಿತ್ತು. ಅದಕ್ಕೇ ಅಷ್ಟಮಿ, ನವಮಿ ಅಂತ ಸುಳ್ಳು ಹೇಳಿ ದಿನ ತಳ್ಳಿದೆ. ಎಷ್ಟೋ ಜನಕ್ಕೆ ಹಾಗೇ ಮಾಡಿದೀನಿ. ನಿಜ ಹೇಳಿದ್ರೆ ಮನೆಯೋರು ಒಪ್ಪೋದಿಲ್ಲ ಅಂದ್ಕೊಂಡಿದ್ದೆ. ಈಗ ನಿಜ ಹೇಳ್ತೀನಿ. ಅವಳು ಆರು ತಿಂಗಳು ನೀರು ಹೊರಬಾರದು. ಹೊತ್ತರೆ ಉಳಿಯೋದಿಲ್ಲ."

ಆ ತಾಯಿ ಸೆರಗಿನಿಂದ ಮೂಗು ಒರೆಸಿಕೊಂಡು, "ಇಷ್ಟು ಮಾತು ಮೊದಲೇ ಹೇಳಿದ್ರೆ ನಿಮ್ಮ ಗಂಟೇನು ಹೋಗ್ತಿತ್ತು?" ಅಂದರು.

ನಾವಿಬ್ಬರೂ ಬಂದ ದಾರಿಯಲ್ಲೇ ಇಳಿದು ಬಂದೆವು. ಮೆಜೆಸ್ಟಿಕ್ಕು ಬಂದಾಗ ನಾನೇ ಕೇಳಿದೆ. "ಈ ಸಲ ಎಷ್ಟು ದಿನ ಯಜಮಾನರೇ?"

"ನನಗೇನು ಗೊತ್ತು? ಆ ಮನೆಯೋರನ್ನ ಕೇಳಬೇಕು" ಅಂದರು. ಅವರ ಬಾಯಲ್ಲಿ ಗೊತ್ತಿಲ್ಲ ಅನ್ನುವ ಮಾತು ಕೇಳಿದ್ದು ನನ್ನ ನೆನಪಿನಲ್ಲಿ ಅದೊಂದೇ ಸಲ. ಮಾರನೇ ದಿನ ಮೇಜಿನ ಮೇಲೆ ಪಂಚಾಂಗ ಇರಲಿಲ್ಲ. ಆಮೇಲಿಂದ ರೋಗಿಯ ಮನೆಯವರು ಬಂದರೆ ಅವರು ನನ್ನನ್ನೂ ಕೂಗಿ ಕರೆದು ಪಕ್ಕದಲ್ಲಿ ಕೂರಿಸಿಕೊಳ್ಳುತ್ತಿದ್ದರು. "ನೀವು ಎದೆ ಹೇಳಿ, ನಾನು ಮನೆ ಕೇಳ್ತೀನಿ" ಅನ್ನುತ್ತಿದ್ದರು. ಕೆಲವರು ಜಗಳ ಆಡಿದರು, ಕೆಲವರು ಕೇಳಲೇ ಇಲ್ಲ. ಬಹಳ ಜನ ಕೇಳಿದರು. ಕಾರ್ಡುಗಳು ಆಗೊಮ್ಮೆ ಈಗೊಮ್ಮೆ ಒಂದೆರಡು ದಿನ ತಪ್ಪತೊಡಗಿದವು. ಅದಕ್ಕೆ ಯಜಮಾನರು ತಲೆ ಕೆಡಿಸಿಕೊಳ್ಳಲಿಲ್ಲ.

ಮೂರು ವಾರ ಕಳೆದ ಮೇಲೆ ಒಂದು ದಿನ ಜಯಮ್ಮನ ಗಂಡ ಬಂದು ವರಾಂಡದ ಮೇಜಿನ ಮುಂದೆ ನಿಂತ. ಅಂಗಿ ಸರಿಸಿ ತನ್ನ ಹೆಗಲು ತೋರಿಸಿದ. ಕೊಡದ ಅಂಚು ಒತ್ತಿ ಚರ್ಮ ತರಚಿ ಕಪ್ಪಾಗಿತ್ತು. "ಅಭ್ಯಾಸ ಆಯ್ತು ಸಾರ್. ಇನ್ನು ಕಳಿಸಿಕೊಡಿ" ಅಂದ. ಯಜಮಾನರು ಎದ್ದು ಅವನ ಅಂಗಿಯ ತೋಳನ್ನು ಹೆಬ್ಬೆರಳಿನಲ್ಲಿ ಉಜ್ಜಿ ನೋಡಿ, ನನ್ನ ಕಡೆ ತಿರುಗಿ ತಲೆ ಆಡಿಸಿದರು. ನಾನು ಚೀಟಿ ಬರೆದೆ. ಈ ಸಲ ಬರೆದದ್ದು ಒಂದು ಪುಟ.

ಅವಳು ಮನೆಗೆ ಹೋಗಿ ಹತ್ತು ದಿನಕ್ಕೆ ಯಜಮಾನರೂ ನಾನೂ ಬೆಳಿಗ್ಗೆ ಬೆಳಿಗ್ಗೆ ಓಕಳಿಪುರಕ್ಕೆ ಹೋದೆವು. ನಲ್ಲಿಯ ಮುಂದೆ ಹೆಂಗಸರ ಸಾಲು. ಸಾಲಿನ ನಡುವೆ ಒಬ್ಬನೇ ಗಂಡಸು, ರೈಲ್ವೆಯ ನೀಲಿ ಬಟ್ಟೆ, ತಲೆಗೆ ಟವೆಲ್ಲು, ಮುಖ ಕೆಂಪು ಕೆಂಪು. "ಅಣ್ಣಾ, ಸೆರಗು ಜಾರ್ತಿದೆ ನೋಡ್ಕೋ" ಅಂತ ಯಾರೋ ಕೂಗಿದರು, ಬೀದಿಗೆ ಬೀದಿಯೇ ನಕ್ಕಿತು. ಅವನು ಯಾರ ಮುಖವನ್ನೂ ನೋಡದೆ ಕೊಡ ತುಂಬಿಸಿ, ಹೆಗಲಿಗೆ ಏರಿಸಿ, ಹಳಿ ದಾಟಿದ. ನಾವು ಹಿಂದೆ ಹಿಂದೆ ಹೋದೆವು.

ಮೇಲಿನ ಮೆಟ್ಟಿಲ ಮೇಲೆ ಜಯಮ್ಮ ಅವರೆಕಾಯಿ ಬಿಡಿಸುತ್ತಾ ಕೂತಿದ್ದಳು. ಕೆನ್ನೆ ತುಂಬಿಕೊಂಡಿತ್ತು, ಒಂದೇ ಉಸಿರಿಗೆ ಎಷ್ಟು ಬೇಕಾದರೂ ಬಯ್ಯುತ್ತಿದ್ದಳು. "ರೀ, ಚೆಲ್ಲಬೇಡೀಂದ್ರೆ! ನೆಟ್ಟಗೆ ಹಿಡ್ಕೊಳ್ರೀ! ಅಯ್ಯೋ ಡಾಕ್ಟ್ರೇ, ಬನ್ನಿ, ನೀವೇ ನೋಡಿ, ಅರ್ಧ ಕೊಡ ಬೀದಿಗೇ ಕುಡಿಸ್ತಾರೆ ಇವರು. ಇನ್ನೆಷ್ಟು ದಿನ ನಾನು ಸುಮ್ಮನೆ ಕೂತು ಇದನ್ನ ನೋಡಬೇಕು?"

"ಚೀಟೀಲಿ ಬರೆದಿದೀನಲ್ಲಮ್ಮ. ಆರು ತಿಂಗಳು" ಅಂದೆ.

ಮೆಟ್ಟಿಲ ನಡುವೆ ಕೊಡ ಹೊತ್ತು ನಿಂತ ಗಂಡ ನನ್ನ ಕಡೆ ದೀನವಾಗಿ ನೋಡಿದ. ಅಷ್ಟರಲ್ಲಿ ಒಳಗಿನಿಂದ ಅತ್ತೆಯ ಗಂಟಲು ಕೇಳಿಸಿತು.

"ವರ್ಷ ಅನ್ನಿ ಡಾಕ್ಟ್ರೇ! ಒಂದು ವರ್ಷ ಅನ್ನಿ!"

ಯಜಮಾನರು ಗೋಡೆ ಹಿಡಿದುಕೊಂಡು ನಕ್ಕರು. ಶಲ್ಯದಿಂದ ಕಣ್ಣು ಒರೆಸಿಕೊಂಡರು, ಮತ್ತೆ ನಕ್ಕರು. "ನಡೀರಿ ಡಾಕ್ಟ್ರೇ, ಇಲ್ಲಿ ನಮಗಿನ್ನೇನೂ ಕೆಲಸ ಇಲ್ಲ" ಅಂದರು.